ಹಳೆ ಬುಲೆಟ್ ದಾರಿಯಲ್ಲಿ ಆಫ್ ಆಗುತ್ತದೆ, ಗ್ಯಾರೇಜಿನಲ್ಲಿ ಸರಿ ಇರುತ್ತದೆ: ವೈರಿಂಗ್ ಪೂರ್ತಿ ಬದಲಿಸಬೇಕಾ?

ನಿಮ್ಮದು 1990ರ ದಶಕದ ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರಲು ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್) ಇರುವ ಬುಲೆಟ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟರೆ ಉಣಕಲ್ ದಾಟಿದ ಮೇಲೆ ಎಲ್ಲೋ ಒಂದು ಕಡೆ ಪಟ್ಟನೆ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ. ಗ್ಯಾರೇಜಿಗೆ ಒಯ್ದರೆ ಏನೂ ತೊಂದರೆ ಕಾಣುವುದಿಲ್ಲ. ಪ್ಲಗ್ ಬದಲಿಸಿದ್ದಾಯಿತು, ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಕಾಯಿಲ್ ಬದಲಿಸಿದ್ದಾಯಿತು. ಈಗ ‘ಪೂರ್ತಿ ವೈರಿಂಗ್ ಹೊಸಾದು ಹಾಕಿಬಿಡ್ರಿ’ ಅನ್ನುತ್ತಿದ್ದಾರೆ, ಹಾಕಿಸಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ಇನ್ನೊಂದು ಪಾರ್ಟನ್ನೂ ಕೊಳ್ಳಬೇಡಿ. ಬಂದು ಹೋಗುವ ದೋಷವನ್ನು ಅದು ಬಂದಾಗಲೇ ಹಿಡಿಯಬೇಕು. ಗಾಡಿ ಚೆನ್ನಾಗಿ ಓಡುತ್ತಿರುವಾಗ ಮೆಕ್ಯಾನಿಕ್ ಎಷ್ಟೇ ಜಾಣರಾಗಿದ್ದರೂ ಊಹೆ ಮಾಡಬಹುದು, ಅಷ್ಟೇ. ನೋಡಬೇಕಾದವರು ನೀವೇ. ಅದೂ ರಸ್ತೆ ಪಕ್ಕದಲ್ಲಿ, ಎಂಜಿನ್ ನಿಂತ ಮೊದಲ ಎರಡು ನಿಮಿಷದಲ್ಲಿ. ಅದಕ್ಕೆ ಬೇಕಾದ ಮೀಟರ್ ನಿಮ್ಮ ಹೆಡ್‌ಲೈಟಿನ ಮೇಲೆ ಆಗಲೇ ಇದೆ, ಬ್ಯಾಟರಿಗೆ ಕರೆಂಟ್ ಬರುತ್ತಿದೆಯೋ ಹೋಗುತ್ತಿದೆಯೋ ತೋರಿಸುವ ಅಮ್ಮೀಟರ್.

ಮುಂದಿನ ಸಲ ನಿಂತಾಗ ತಕ್ಷಣ ಕಿಕ್ ಹೊಡೆಯಬೇಡಿ. ಗಾಡಿ ಬದಿಗೆ ನಿಲ್ಲಿಸಿ, ಕೀ ಆನ್‌ನಲ್ಲೇ ಇರಲಿ. ಮೊದಲು ಹಾರ್ನ್ ಒತ್ತಿ.

ಹಾರ್ನ್ ಇಲ್ಲ, ಲೈಟೂ ಇಲ್ಲ ಅಂದರೆ ಕಾಯಿಲ್, ಪಾಯಿಂಟ್, ಪ್ಲಗ್ ಯಾವುದರ ತಪ್ಪೂ ಅಲ್ಲ. ಎಲ್ಲಕ್ಕೂ ಕರೆಂಟ್ ಹೋಗುವ ಒಂದೇ ದಾರಿ ಕಟ್ಟಾಗಿದೆ: ಬ್ಯಾಟರಿ ಟರ್ಮಿನಲ್, ಫ್ಯೂಸ್, ಅಮ್ಮೀಟರ್, ಕೀ ಸ್ವಿಚ್, ಇಲ್ಲವೇ ಅರ್ಥಿಂಗ್ (ಬ್ಯಾಟರಿಯ ಮೈನಸ್ ವೈರ್ ಬಾಡಿಗೆ ಕೂಡುವ ಜಾಗ). ನನ್ನ ಗಾಡಿಯಲ್ಲಿ ಸಿಕ್ಕಿದ್ದು ಅಮ್ಮೀಟರ್ ಹಿಂದಿನ ನಟ್. ಆ ಎಂಜಿನ್ನಿನ ನಡುಕ ಗೊತ್ತಲ್ವಾ? ವರ್ಷಗಟ್ಟಲೆ ನಡುಗಿ ನಡುಗಿ ನಟ್ ಸಡಿಲಾಗಿತ್ತು. ಹೆಡ್‌ಲೈಟ್ ಬಿಚ್ಚಿದರೆ ಆ ನಟ್‌ಗಳು ಕೈಗೆ ಸಿಗುತ್ತವೆ. ಆದರೆ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಯಲೇಬೇಕು. ಕೀ ಆಫ್ ಇದ್ದರೂ ಅಲ್ಲಿ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಗಾಜಿನ ಫ್ಯೂಸನ್ನೂ ಹೊರಗೆ ತೆಗೆದು ನೋಡಿ. ಕಣ್ಣಿಗೆ ಸರಿ ಕಂಡರೂ ಅದರ ಲೋಹದ ಟೋಪಿ ಸಡಿಲಾಗಿರಬಹುದು, ಹೋಲ್ಡರಿನ ಸ್ಪ್ರಿಂಗ್ ಸತ್ತಿರಬಹುದು.

ಹಾರ್ನ್ ಜೋರಾಗಿ ಬಂತು ಅಂದರೆ ಲೈಟ್ ಆಫ್ ಮಾಡಿ, ಕಿಕ್ಕನ್ನು ಕಾಲಿನಿಂದ ನಿಧಾನಕ್ಕೆ ಒತ್ತುತ್ತಾ ಅಮ್ಮೀಟರಿನ ಮುಳ್ಳು ನೋಡಿ. ಸ್ಟಾರ್ಟ್ ಮಾಡುವಾಗ ಮುಳ್ಳು ನಡುವೆ ಬರುವವರೆಗೆ ಕಿಕ್ ಒತ್ತುತ್ತೇವಲ್ಲ, ಅದೇ ರೀತಿ. ಪಾಯಿಂಟ್ ಮುಚ್ಚಿದಾಗ ಮುಳ್ಳು ಮೈನಸ್ ಕಡೆ ವಾಲುತ್ತದೆ. ತೆರೆದಾಗ ನಡುವೆ ಬರುತ್ತದೆ.

ಮುಳ್ಳು ಅಲ್ಲಾಡದೆ ನಡುವೆಯೇ ನಿಂತಿದ್ದರೆ ಕಾಯಿಲಿಗೆ ಕರೆಂಟ್ ಬರುತ್ತಿಲ್ಲ, ಅಥವಾ ಪಾಯಿಂಟಿನ ಮುಖ ಕೊಳೆಯಾಗಿ ಕೂಡುತ್ತಿಲ್ಲ. ಮೈನಸ್‌ನಲ್ಲೇ ಅಂಟಿಕೊಂಡಿದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ (ಪಾಯಿಂಟ್ ತೆರೆಯುವಾಗ ಅಲ್ಲಿ ದೊಡ್ಡ ಕಿಡಿ ಹಾರದಂತೆ ತಡೆಯುವ ಸಣ್ಣ ಡಬ್ಬಿ) ಶಾರ್ಟ್ ಆಗಿದೆ, ಅಥವಾ ಕಾಯಿಲಿನಿಂದ ಪಾಯಿಂಟಿಗೆ ಹೋಗುವ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಆಗ ಬೇಗ ಕೀ ಆಫ್ ಮಾಡಿ, ಇಲ್ಲದಿದ್ದರೆ ಹೊಸ ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ.

ಮುಳ್ಳು ಸರಿಯಾಗಿ ಅತ್ತಿತ್ತ ಆಡುತ್ತಿದ್ದರೆ? ಆಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಇದು ಕರೆಂಟಿನ ತೊಂದರೆಯೇ ಅಲ್ಲದಿರಬಹುದು. ಮುಚ್ಚಳದ ಸಣ್ಣ ತೂತು ಕಟ್ಟಿದಾಗ ಪೆಟ್ರೋಲ್ ಇಳಿಯುವುದಿಲ್ಲ, ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಒಂದು ವ್ಯತ್ಯಾಸ ಇದೆ. ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಮುಕ್ಕರಿಸಿ ಮುಕ್ಕರಿಸಿ ನಿಲ್ಲುತ್ತದೆ. ಕರೆಂಟ್ ಹೋದರೆ ಪಟ್ಟನೆ ನಿಲ್ಲುತ್ತದೆ. ನೀವು ‘ಪಟ್ಟನೆ’ ಅಂತಲೇ ಬರೆದಿರುವುದರಿಂದ ನನಗೆ ಕರೆಂಟಿನ ಮೇಲೇ ಅನುಮಾನ ಜಾಸ್ತಿ.

ಹಾಗಾದರೆ ಉಳಿದವರಲ್ಲಿ ದೊಡ್ಡ ಅನುಮಾನ ಕಂಡೆನ್ಸರ್ ಮೇಲೆ. ಪ್ಲಗ್, ಕಾಯಿಲ್ ಬದಲಿಸಿದ್ದನ್ನು ಹೇಳಿದ್ದೀರಿ, ಇದರ ಹೆಸರೇ ಇಲ್ಲ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವುದು ಇದರ ಚಾಳಿ. ಪಾಯಿಂಟ್ ತೆರೆಯುವಾಗ ಅಲ್ಲಿ ದೊಡ್ಡ ಕಿಡಿ ಹಾರುತ್ತಿದ್ದರೆ, ಪಾಯಿಂಟಿನ ಮುಖ ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರ್ ನೋಡಲೇಬೇಕು. ಇರುವ ಕಂಡೆನ್ಸರ್ ಬಿಚ್ಚಿ, ಗೆಳೆಯರ ಗಾಡಿಯ ಒಳ್ಳೆಯದೊಂದನ್ನು ಹಾಕಿ ಧಾರವಾಡದವರೆಗೆ ಓಡಿಸಿ ನೋಡಿ. ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಪಟ್ಟಿ) ಹಾಕಿಯೇ ನೋಡಿ.

ದಾರಿಯಲ್ಲಿ ಕಾಯುವ ತಾಳ್ಮೆ ಇಲ್ಲದಿದ್ದರೆ ಮನೆಯಲ್ಲೇ ದೋಷವನ್ನು ಕರೆಸಬಹುದು. ಎಂಜಿನ್ ಐಡ್ಲಿಂಗ್‌ನಲ್ಲಿಡಿ. ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಹ್ಯಾಂಡಲ್ ಬುಡದಲ್ಲಿ ಮಡಿಚುವ ವೈರುಗಳು ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗೆ ತುಂಡಾಗಿರುತ್ತವೆ. ಕೀ ಅಲ್ಲಾಡಿಸಿ. ಕೀ ಗೊಂಚಲು ಭಾರ ಇದ್ದರೆ ಮೊದಲು ಅದನ್ನು ತೆಗೆಯಿರಿ. ರಾತ್ರಿ ಕತ್ತಲಲ್ಲಿ ಪ್ಲಗ್ ಕ್ಯಾಪ್, ಅದರ ದಪ್ಪ ವೈರ್ ಮೇಲೆ ನೀರು ಸಿಂಪಡಿಸಿ, ಕೈ ದೂರ ಇಟ್ಟು ನೋಡಿ. ನೀಲಿ ಕಿಡಿ ಹರಿದಾಡಿದರೆ ಆ ವೈರ್ ಬದಲಿಸಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ ನಿಲ್ಲುವ ಗಾಡಿಗಳಿಗೆ ಇದೇ ಕಾಯಿಲೆ.

ಮಲ್ಟಿಮೀಟರ್ ಇದ್ದರೆ ಅದರ ‘ಬೀಪ್’ ನಂಬಬೇಡಿ. ಹತ್ತು ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಯಾಕೆಂದರೆ ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ. ಅದರ ಬದಲು ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿರುವ ಹಾಗೆ ನಿಲ್ಲಿಸಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ಕಡ್ಡಿ ಕಾಯಿಲಿಗೆ ಕರೆಂಟ್ ಬರುವ ಟರ್ಮಿನಲ್‌ಗೆ. ಮೀಟರ್ ತೋರಿಸುವುದು ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ಕಪ್ಪು ಕಡ್ಡಿಯನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ತನ್ನಿ. ಎಲ್ಲಿ ಅಂಕಿ ಒಮ್ಮೆಲೇ ಇಳಿಯುತ್ತದೋ ಆ ಜಾಯಿಂಟೇ ಕೆಟ್ಟಿದೆ. ಒಂದು ನಿಮಿಷಕ್ಕಿಂತ ಹೆಚ್ಚು ಹೀಗೆ ಇಡಬೇಡಿ.

ಇನ್ನೊಂದು ಮಾತು ಕೇಳಲೇಬೇಕು. ಇತ್ತೀಚೆಗೆ ಫ್ರೇಮಿಗೆ ಪೇಂಟ್ ಅಥವಾ ಪೌಡರ್ ಕೋಟಿಂಗ್ ಮಾಡಿಸಿದ್ದೀರಾ? ಹಳೆ ಗಾಡಿಯನ್ನು ಪ್ರೀತಿಯಿಂದ ಹೊಸದು ಮಾಡಿಸಿದ ಮೇಲೆಯೇ ಇಂಥ ಕಾಟ ಶುರುವಾಗುವುದನ್ನು ನೋಡಿದ್ದೇನೆ. ಪೇಂಟ್ ಮೇಲೆ ಅರ್ಥಿಂಗ್ ಕೂತರೆ ಕರೆಂಟ್ ಬೋಲ್ಟಿನ ಎಳೆಗಳ ಮೂಲಕ ಹೇಗೋ ದಾಟುತ್ತಿರುತ್ತದೆ, ಒಂದು ದಿನ ದಾಟುವುದಿಲ್ಲ. ಆ ಜಾಗವನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ.

ಪೂರ್ತಿ ವೈರಿಂಗ್ ಬದಲಿಸುವ ಕಾಲ ಒಂದೇ. ವೈರ್ ಬಗ್ಗಿಸಿದಾಗ ಪ್ಲಾಸ್ಟಿಕ್ ಪುಡಿಯಾಗಿ ಉದುರಬೇಕು, ಅಥವಾ ಎಲ್ಲಿ ಕುಯ್ದರೂ ತಾಮ್ರ ಕಿಲುಬು ಹಿಡಿದು ಕಪ್ಪಾಗಿರಬೇಕು. ಹಾಗಿಲ್ಲದಿದ್ದರೆ ಕೆಟ್ಟ ಜಾಯಿಂಟ್ ಮಾತ್ರ ಕತ್ತರಿಸಿ, ವೈರಿನ ತುದಿಗೆ ಹೊಸ ಲಗ್ (ಲೋಹದ ಟರ್ಮಿನಲ್) ಪ್ರೆಸ್ ಮಾಡಿಸಿ. ಸುತ್ತಿ ಟೇಪ್ ಹಾಕಲು ಬಿಡಬೇಡಿ, ನಮ್ಮ ಕಡೆಯ ಬೇಸಿಗೆಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.