ಗ್ಲಾಕೋಮಾ ಲ್ಯಾಬ್‌ಗೆ ಹೊರಟ ತಂಗಿಗೆ

ತಂಗೀ, ಮಣಿಪಾಲದಲ್ಲಿ ಬಯೋಮೆಡಿಕಲ್ ಮುಗಿಸಿ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಬಗ್ಗೆ ಪಿಎಚ್‌.ಡಿ. ಮಾಡಲು ಅಮೆರಿಕಕ್ಕೆ ಹೊರಟಿದ್ದೀಯ. ನಿನ್ನ ಅಜ್ಜಿಯ ದೃಷ್ಟಿ ಅದರಿಂದಲೇ ಹೋಯಿತು ಅಂತಲೂ ಬರೆದಿದ್ದೀಯ. ಅಲ್ಲಿಯ ಬದುಕು ಹೇಗೆ, ಎಂಜಿನಿಯರ್‌ಗೆ ಕಣ್ಣಿನಲ್ಲಿ ಏನು ಕೆಲಸ ಅಂತ ಕೇಳಿದ್ದೀಯ. ಅಲ್ಲಿ ಇದೇ ಕೆಲಸ ಮಾಡುವ ನಾನು ಈಗ ರಜೆಗೆ ಉಡುಪಿಗೆ ಬಂದಿದ್ದೇನೆ, ಮನೆಯ ಚಾವಡಿಯಲ್ಲಿ ಕೂತೇ ಉತ್ತರಿಸುತ್ತೇನೆ.

ಕೆಲಸದ ಮಾತು ಮೊದಲು. ಕಣ್ಣಿನೊಳಗೆ ನಿಮಿಷಕ್ಕೆ ಸುಮಾರು 2 ಮೈಕ್ರೋಲೀಟರ್ ದ್ರವ ಹುಟ್ಟುತ್ತದೆ. ಅಷ್ಟೂ ಹೊರಗೆ ಹೋಗಬೇಕು. ಹೆಚ್ಚಿನದು ಹೋಗುವುದು ಟ್ರಬೆಕ್ಯುಲರ್ ಮೆಶ್‌ವರ್ಕ್ ಎಂಬ ಜರಡಿಯ ಮೂಲಕ. ಆ ಜರಡಿ ಬಿಗಿಯಾದರೆ ದ್ರವ ತಡೆದು ಒತ್ತಡ ಏರುತ್ತದೆ, ಕಣ್ಣಿನ ನರ ಸದ್ದಿಲ್ಲದೆ ಹಾಳಾಗುತ್ತದೆ. ಗ್ಲಾಕೋಮಾ ಹೆಚ್ಚಾಗಿ ಆಗುವುದು ಹೀಗೆ. ಒತ್ತಡ, ಹರಿವು, ಬಿಗಿತ ಎಲ್ಲ ನಾವು ಓದಿದ್ದೇ ಅಲ್ವಾ? 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ನೆಟಾರ್ಸುಡಿಲ್ ಎಂಬ ಕಣ್ಣಿನ ಹನಿ ಮದ್ದು ಆ ಜರಡಿಯನ್ನೇ ಸಡಿಲಿಸುತ್ತದೆ.

ಕೈ ಪಳಗುವುದು ಹಂದಿಯ ಕಣ್ಣಲ್ಲಿ. ಅಡ್ಡ ಕೊಯ್ದು, ಲೆನ್ಸ್ ಎತ್ತಿ, ಐರಿಸ್ ಸರಿಸಿದರೆ ಅಂಚಿನಲ್ಲಿ ಆ ಜರಡಿಯ ತೆಳು ಪಟ್ಟಿ ಕಾಣುತ್ತದೆ. ಹರಿಯದೆ ಅದನ್ನು ಬಿಡಿಸಲು ನನಗೆ ಎರಡು ತಿಂಗಳು ಹಿಡಿಯಿತು. ದಾನಿಗಳ ಕಣ್ಣು ಮಾತ್ರ ಹೇಳಿ ಕೇಳಿ ಬರುವುದಿಲ್ಲ. ಒಮ್ಮೆ ದೀಪಾವಳಿ ಊಟಕ್ಕೆ ಹೊರಟಿದ್ದೆ, ಐಸ್ ಪೆಟ್ಟಿಗೆ ಬಂದಿದೆ ಅಂತ ಫೋನ್ ಬಂತು. ಸೀದಾ ಲ್ಯಾಬ್‌ಗೆ ಹೋದೆ. ದ್ರವ ಹರಿಸಿ, ಒತ್ತಡದ ಗೆರೆ ಸ್ಥಿರವಾಗುವಾಗ ಬೆಳಗಿನ ಜಾವ. ಚೀಟಿಯಲ್ಲಿ ಹೆಸರಿರಲಿಲ್ಲ, ವಯಸ್ಸು ಮಾತ್ರ. 71. ಆಗ ನನ್ನಪ್ಪನಿಗೂ ಅಷ್ಟೇ. ನೋವಿಲ್ಲವಲ್ಲ ಅಂತ ಅವರು ಗ್ಲಾಕೋಮಾದ ಹನಿ ಹಾಕುವುದನ್ನೇ ನಿಲ್ಲಿಸಿ, ಪಕ್ಕದ ದೃಷ್ಟಿ ಕಳೆದುಕೊಂಡಿದ್ದರು. ಆ ರಾತ್ರಿ ಒಂದು ಅಳತೆಯನ್ನೂ ಅವಸರದಲ್ಲಿ ತೆಗೆಯಲಿಲ್ಲ.

ಇನ್ನು ಬದುಕು. ಸ್ಟೈಪೆಂಡ್ ಬಾಡಿಗೆಗೂ ಊಟಕ್ಕೂ ಸಾಕು, ಉಳಿತಾಯ ಕಷ್ಟ. ಕುಚ್ಚಲಕ್ಕಿ ಅಲ್ಲೂ ಸಿಗುತ್ತದೆ, ಸುಮ್ನೆ ಹೊತ್ತುಕೊಂಡು ಹೋಗಬೇಡ. ಯೂನಿವರ್ಸಿಟಿಯ ಹೆಸರಿಗಿಂತ ಗೈಡ್ ಯಾರು ಅಂತ ಜಾಸ್ತಿ ನೋಡು. ಅಲ್ಲಿಯ ಸರ್ಕಾರದ ವಿದ್ಯಾರ್ಥಿ ಫೆಲೋಶಿಪ್ ಹೆಚ್ಚಿನವು ಅಲ್ಲಿಯ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ನಮ್ಮ ಸಂಬಳ ಸಾಮಾನ್ಯವಾಗಿ ಗೈಡ್‌ನ ಗ್ರಾಂಟ್‌ನಿಂದ, ಅಂದರೆ ಅವರ ಸಂಶೋಧನೆಗೆ ಸಿಕ್ಕ ಅನುದಾನದಿಂದ ಬರುತ್ತದೆ. ನನ್ನ ಮೊದಲ ಗೈಡ್‌ನ ಗ್ರಾಂಟ್ ಎರಡನೇ ವರ್ಷ ಮುಗಿಯಿತು, ಮೊದಲೇ ಹೇಳಿರಲಿಲ್ಲ. ಲ್ಯಾಬ್ ಬದಲಿಸಿ ಒಂದು ವರ್ಷ ಕಳೆದುಕೊಂಡೆ. ಗ್ರಾಂಟ್ ಇನ್ನೆಷ್ಟು ವರ್ಷ ಇದೆ ಅಂತ ಕೇಳಲು ನಾಚಿಕೆ ಬೇಡ. ಹಳೆಯ ವಿದ್ಯಾರ್ಥಿಗಳ ಹತ್ತಿರ, ಊರಿಗೆ ಹೋಗಲು ರಜೆ ಕೊಡುತ್ತಾರಾ ಅಂತಲೂ ಕೇಳು.

ಮತ್ತೊಂದು. ಈ ಕಾಯಿಲೆ ಮನೆತನದಲ್ಲಿ ಬರುತ್ತದೆ. ವಿಮಾನ ಹತ್ತುವ ಮೊದಲು ಅಮ್ಮನ ಕಣ್ಣಿನ ಒತ್ತಡ, ನರ ಎರಡನ್ನೂ ಪರೀಕ್ಷೆ ಮಾಡಿಸು. ನಿನ್ನದನ್ನೂ.