ತಿರುವಿನಲ್ಲಿ ಪಿಕಪ್ ‘ಟಕ್’ ಎಂದರೆ

ಪ್ರಶ್ನೆ: ಚಳ್ಳಕೆರೆ ಕಡೆಯಿಂದ ಈರುಳ್ಳಿ, ಶೇಂಗಾ ಹೇರಿಕೊಂಡು ದಾವಣಗೆರೆಗೆ ಬರುವ ಪಿಕಪ್ ನನ್ನದು. ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನ್ ಬಲ ಹೋಗುವ ಗಾಡಿ. ಮಾರುಕಟ್ಟೆಯ ಗೇಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ‘ಟಕ್’ ಎಂಬ ಸದ್ದು ಬರುತ್ತದೆ. ಸಿವಿ ಜಾಯಿಂಟ್ ಹೋಗಿದೆ ಎಂದು ಒಬ್ಬರು, ಬಾಲ್ ಜಾಯಿಂಟ್ ಎಂದು ಇನ್ನೊಬ್ಬರು ಹೇಳುತ್ತಾರೆ. ಚಕ್ರಗಳನ್ನು ತಿರುಗಿಸುವ ರಾಡಿನ ತುದಿಯ ಕೀಲುಗಳಾದ ಟೈ ರಾಡ್ ಎಂಡ್‌ಗಳನ್ನು ಬದಲಾಯಿಸಿದರೂ ಸದ್ದು ನಿಂತಿಲ್ಲ. ಹೀಗೆಯೇ ಓಡಿಸಬಹುದೇ?

ಉತ್ತರ: ಸಿವಿ ಜಾಯಿಂಟ್‌ನ ಮಾತನ್ನು ಮೊದಲೇ ಮುಗಿಸಿಬಿಡೋಣ. ಎಂಜಿನ್ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಶಾಫ್ಟ್‌ಗಳಲ್ಲಿ ಆ ಕೀಲು ಇರುತ್ತದೆ. ನಿಮ್ಮ ಗಾಡಿಯ ಮುಂಭಾಗದಲ್ಲಿ ಅಂಥ ಶಾಫ್ಟ್‌ಗಳೇ ಇಲ್ಲ. ಆದ್ದರಿಂದ ಆ ಹೆಸರಿನಲ್ಲಿ ಯಾರಾದರೂ ಬಿಲ್ ಬರೆದರೆ ದುಡ್ಡು ಕೊಡಬೇಡಿ.

ಇನ್ನು ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಕೈಯಿಂದಲೇ ಹಿಡಿಯಬೇಕು. ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಇನ್ನೊಬ್ಬರಿಗೆ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಲು ಹೇಳಿ. ನೀವು ಚಕ್ರದ ಪಕ್ಕ ಕುಳಿತು ಒಂದೊಂದೇ ಕೀಲಿನ ಮೇಲೆ ಅಂಗೈ ಇಡಿ. ಬೆರಳನ್ನು ಸಂದಿಗೆ ತೂರಿಸಬೇಡಿ. ಸವೆದ ಕೀಲಿನಲ್ಲಿ ಕಿವಿಗೆ ಕೇಳುವುದಕ್ಕಿಂತ ಮೊದಲು ಆ ಪೆಟ್ಟು ಅಂಗೈಗೆ ತಾಗುತ್ತದೆ. ಪೆಟ್ಟು ಸ್ಟೇರಿಂಗ್ ಹಿಡಿದವರ ಕೈಗೇ ತಾಗುತ್ತಿದ್ದರೆ ಸ್ಟೇರಿಂಗ್ ರಾಡಿನ ನಡುವಿನ ಕೀಲಾದ ಕ್ರಾಸ್ ನೋಡಬೇಕು. ಸ್ಟೇರಿಂಗ್ ಬಾಕ್ಸ್ ಗಾಡಿಯ ಚೌಕಟ್ಟಾದ ಚಾಸಿಗೆ ಅಂಟಿದಂತೆ ನಿಲ್ಲದೆ ಅಲುಗುತ್ತಿದ್ದರೆ ಅದರ ಬೋಲ್ಟುಗಳು ಸಡಿಲವಾಗಿವೆ, ಇಲ್ಲವೇ ಅಲ್ಲಿ ಚಾಸಿಯೇ ಬಿರುಕು ಬಿಟ್ಟಿದೆ.

ಚಕ್ರದ ಜೋಡಣೆಯನ್ನು ಆರ್ಮಿಗೆ ಸೇರಿಸುವ ಗುಂಡು ಕೀಲಾದ ಬಾಲ್ ಜಾಯಿಂಟ್‌ನ ಪರೀಕ್ಷೆಯಲ್ಲಿ ಅನುಭವಸ್ಥರೂ ತಪ್ಪುತ್ತಾರೆ. ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ಆರ್ಮ್ ಮೇಲೆ ಸ್ಪ್ರಿಂಗ್ ಒತ್ತುವ ಗಾಡಿಯಲ್ಲಿ ಜ್ಯಾಕನ್ನು ಚಾಸಿಗೆ ಕೊಟ್ಟು ಎತ್ತಿದರೆ, ಆ ಸ್ಪ್ರಿಂಗ್ ಕೀಲನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆಯಾದ್ದರಿಂದ, ಎಷ್ಟೇ ಸವೆದಿದ್ದರೂ ‘ಪ್ಲೇ’, ಅಂದರೆ ಸಡಿಲ, ಕಾಣುವುದಿಲ್ಲ. ಮೇಸ್ತ್ರಿ ಚಕ್ರ ಅಲುಗಿಸಿ ನೋಡಿ ‘ಸರಿ ಇದೆ’ ಎಂದುಬಿಡುತ್ತಾರೆ. ಜ್ಯಾಕನ್ನು ಕೆಳಗಿನ ಆರ್ಮಿಗೇ, ಚಕ್ರಕ್ಕೆ ಆದಷ್ಟು ಹತ್ತಿರ ಕೊಡಿಸಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಿಸಿ. ಟೈರು ನೆಲದಿಂದ ಬಿಟ್ಟ ಮೇಲೆ ಅದರ ಅಡಿಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿದಾಗ ಕೀಲು ಮೇಲೆ ಕೆಳಗೆ ಜಗ್ಗಿದರೆ ನಿಮ್ಮ ಸದ್ದು ಅಲ್ಲೇ ಇದೆ. ಅಂಥ ಗಾಡಿಯನ್ನು ಓಡಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಆ ಕೀಲು ಕಳಚಿದರೆ ಚಕ್ರ ಮಗುಚಿ, ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತಾಗುತ್ತದೆ. ಲೋಡ್ ಹೇರಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಹಾಗಾದರೆ ನಿಮಗೂ ಎದುರಿನವರಿಗೂ ಉಳಿಗಾಲವಿಲ್ಲ.

ಮುಂಭಾಗ ಸರಿ ಇದ್ದರೆ ಹಿಂದಕ್ಕೆ ಬನ್ನಿ. ಚಾಸಿ ಉದ್ದದ ಕಬ್ಬಿಣವಾದ್ದರಿಂದ ಹಿಂದಿನ ಸದ್ದು ಮುಂದಿನಿಂದ ಬಂದಂತೆ ಕೇಳುವುದುಂಟು. ಲೋಡ್ ಇದ್ದಾಗ ಮಾತ್ರ ‘ಟಕ್’ ಎನ್ನುತ್ತದೆಯೇ ಎಂಬುದನ್ನು ಗಮನಿಸಿ, ಏಕೆಂದರೆ ತಿರುವಿನಲ್ಲಿ ಭಾರವೆಲ್ಲ ಒಂದು ಬದಿಗೆ ವಾಲಿ ಸ್ಪ್ರಿಂಗ್ ಪ್ಲೇಟುಗಳನ್ನು ತಿರುಚುತ್ತದೆ. ಎರಡೂ ಬಾಲ್ ಜಾಯಿಂಟ್ ಬದಲಾಯಿಸಿದರೂ ಸದ್ದು ಹೋಗದ ಒಂದು ಪಿಕಪ್ ನನ್ನ ಬಳಿ ಬಂದಿತ್ತು. ಸ್ಪ್ರಿಂಗ್ ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿಯುವ ಹಿಂದಿನ ಯೂ ಬೋಲ್ಟಿನ ಬುಡದಲ್ಲಿ ಧೂಳಿನ ನಡುವೆ ಒಂದು ಗೆರೆ ಮಾತ್ರ ಉಜ್ಜಿದ ಹಾಗೆ ಫಳಫಳ ಹೊಳೆಯುತ್ತಿತ್ತು, ಅದರ ಸುತ್ತ ಕೆಂಪು ತುಕ್ಕಿನ ಪುಡಿ. ಬಿಚ್ಚಿದಾಗ ಪ್ಲೇಟುಗಳನ್ನು ಪೋಣಿಸುವ ಸೆಂಟರ್ ಬೋಲ್ಟ್ ಎರಡು ತುಂಡಾಗಿತ್ತು. ಪ್ರತಿ ತಿರುವಿನಲ್ಲೂ ಹಿಂದಿನ ಆಕ್ಸಲ್‌ನ ಹೌಸಿಂಗ್ ಸ್ವಲ್ಪ ಜಾರಿ ಮತ್ತೆ ಕೂರುತ್ತಿತ್ತು. ಅಂಥ ಹೊಳೆಯುವ ಗೆರೆಯನ್ನೂ ಕೆಂಪು ಪುಡಿಯನ್ನೂ ಟಾರ್ಚ್ ಹಿಡಿದು ಹುಡುಕಿ. ಸ್ಪ್ರಿಂಗ್ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್‌ನ ಬುಷ್ (ಬೋಲ್ಟಿನ ಸುತ್ತಲ ಬಳೆ), ಕ್ಯಾಬಿನ್ನಿನ ರಬ್ಬರು, ಲೋಡ್ ಬಾಡಿಯ ಬೋಲ್ಟುಗಳನ್ನೂ ನೋಡಿಬಿಡಿ. ರಬ್ಬರ್ ಬುಷ್ ಮೇಲೆ ಅನುಮಾನವಿದ್ದರೆ ನೀರು ಚಿಮುಕಿಸಿ ಗಾಡಿಯನ್ನು ಅಲುಗಿಸಿ. ಸದ್ದು ಬದಲಾದರೆ ದೋಷ ಅಲ್ಲಿದೆ. ಎಣ್ಣೆ ಹಚ್ಚಿದರೆ ಮಾತ್ರ ರಬ್ಬರ್ ಉಬ್ಬಿ ಬೇಗ ಹಾಳಾಗುತ್ತದೆ.

ರಿಪೇರಿ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿ ಜ್ಯಾಕಿನ ಮೇಲಿರುವಾಗ ಕೊನೆಯ ಬಿಗಿ ಮಾಡಬಾರದು. ಚಕ್ರಗಳು ನೆಲಕ್ಕೂರಿ ಭಾರ ಕೂತ ಮೇಲೆಯೇ ಬಿಗಿಯಬೇಕು, ಇಲ್ಲವಾದರೆ ಹೊಸ ಬುಷ್ ಸದಾ ತಿರುಚಿಕೊಂಡೇ ಇದ್ದು ಕೆಲ ತಿಂಗಳಲ್ಲಿ ಹರಿಯುತ್ತದೆ. ಬಾಲ್ ಜಾಯಿಂಟ್ ನಟ್ಟಿಗೆ ಅದು ಬಿಚ್ಚಿಕೊಳ್ಳದಂತೆ ತೂರಿಸುವ ಹಳೆಯ ಸ್ಪ್ಲಿಟ್ ಪಿನ್ನನ್ನೇ ಬಳಸಲು ಬಿಡಬೇಡಿ. ಹೊಸ ಯೂ ಬೋಲ್ಟುಗಳನ್ನು ಒಂದೆರಡು ಲೋಡ್ ಸಾಗಿಸಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು. ಟೈ ರಾಡ್ ಎಂಡ್ ಬದಲಾದಾಗ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿರದಿದ್ದರೆ ಈಗಲಾದರೂ ಮಾಡಿಸಿ.

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಸಾಮಾನು ಸಾಗಿಸುವ ಫೋರ್ ವ್ಹೀಲ್ ಡ್ರೈವ್ ಪಿಕಪ್ ಓಡಿಸುತ್ತೇನೆ. ಗುಡ್ಡ ಇಳಿದು ಡಾಂಬರು ರಸ್ತೆಯಲ್ಲಿ ತಿರುಗಿಸಿದರೆ ಗಾಡಿ ಜಗ್ಗಿದಂತಾಗಿ ‘ಧಡ್’ ಎನ್ನುತ್ತದೆ.

ಉತ್ತರ: ಡಾಂಬರಿಗೆ ಬಂದ ಮೇಲೂ ಗಾಡಿ ಫೋರ್ ವ್ಹೀಲ್‌ನಲ್ಲೇ ಇರುತ್ತದೆಯೇ, ನೋಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಬೇಕಾದಾಗ ಮಾತ್ರ ಫೋರ್ ವ್ಹೀಲ್‌ಗೆ ಹಾಕುವ ಗಾಡಿಗಳಲ್ಲಿ ಆಗ ಹಿಂದುಮುಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಮಣ್ಣಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ; ಡಾಂಬರಿನಲ್ಲಿ ಜಾರದೆ ಒತ್ತಡ ಕೂಡಿಕೊಂಡು ಒಮ್ಮೆಲೇ ಬಿಡುತ್ತದೆ. ಟೂ ವ್ಹೀಲ್‌ಗೆ ಹಾಕಿದರೆ ಸಾಕು.

ಟೂ ವ್ಹೀಲ್‌ನಲ್ಲಿ ‘ಧಡ್’ ನಿಂತು, ಫೋರ್ ವ್ಹೀಲ್‌ನಲ್ಲಿ ಮಣ್ಣಿನ ಮೇಲೂ ತಿರುಗಿಸಿ ಆಕ್ಸಿಲರೇಟರ್ ಒತ್ತಿದೊಡನೆ ‘ಕಟಕಟ’ ಎಂದು ವೇಗಕ್ಕೆ ತಕ್ಕಂತೆ ಸದ್ದು ಬಂದರೆ ಅದು ಸಿವಿ ಜಾಯಿಂಟ್. ಆ ಕೀಲನ್ನು ಮುಚ್ಚುವ ರಬ್ಬರ್ ಬೂಟ್ ಹರಿದು, ಚಕ್ರದ ಒಳಮೈಗೆ ಗ್ರೀಸ್ ಸಿಡಿದಿರುತ್ತದೆ. ಬೂಟ್ ಹರಿದಿದ್ದರೂ ಸದ್ದು ಇನ್ನೂ ಶುರುವಾಗದಿದ್ದರೆ ಕೀಲನ್ನು ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಬದಲಾಯಿಸಿದರೆ ಸಾಕಾಗಬಹುದು. ಶುರುವಾಗಿದ್ದರೆ ಕೀಲನ್ನೇ ಬದಲಾಯಿಸಬೇಕು.