ಪಾಯಿಂಟ್ ಟೂ ಟೂ ರೈಫಲ್‌ಗೆ ಕಡಿಮೆ ಬೆಲೆಯ ಸ್ಕೋಪ್: ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ: ಊರು ಶಿವಮೊಗ್ಗ, ಈಗ ಇರುವುದು ಟೆಕ್ಸಾಸ್‌ನಲ್ಲಿ. ಕಳೆದ ವರ್ಷ ರೂಗರ್ 10/22 ಎಂಬ ಪಾಯಿಂಟ್ ಟೂ ಟೂ (ನಳಿಗೆಯ ಒಳವ್ಯಾಸ ಸುಮಾರು 0.22 ಇಂಚಿನ) ರೈಫಲ್ ಕೊಂಡೆ. ರಜೆಯ ದಿನ ರೇಂಜಿಗೆ ಹೋಗಿ 25ರಿಂದ 50 ಗಜ ದೂರದ ಕಾಗದದ ಗುರಿಗೆ ಹೊಡೆಯುತ್ತೇನೆ, ಅಪರೂಪಕ್ಕೆ 100 ಗಜ. ವಯಸ್ಸು ನಲವತ್ತೈದು ದಾಟಿತು, ರೈಫಲಿನ ಸೈಟುಗಳು ಮಸುಕಾಗಿ ಕಾಣುತ್ತವೆ. ಸ್ಕೋಪ್ (ಗುರಿ ನೋಡುವ ದೂರದರ್ಶಕ) ಹಾಕಿಸಬೇಕೆಂದಿದ್ದೇನೆ. 150 ಡಾಲರ್ ಮೀರುವ ಮನಸ್ಸಿಲ್ಲ. ಅಷ್ಟೇ ದುಡ್ಡಿಗೆ 6-24×50 ಎಂದು ಬರೆದ, ಒಳಗೆ ಕೆಂಪು ದೀಪ ಹೊತ್ತುವ ದೊಡ್ಡ ಸ್ಕೋಪೂ ಸಿಗುತ್ತದೆ, 2-7×32 ಎನ್ನುವ ಚಿಕ್ಕದೂ ಸಿಗುತ್ತದೆ. ದೊಡ್ಡದನ್ನೇ ತೆಗೆದುಕೊಂಡರೆ ಲಾಭವಲ್ಲವೇ?
— ಓದುಗರು, ಆಸ್ಟಿನ್

ಉತ್ತರ: ಚಿಕ್ಕದನ್ನೇ ತೆಗೆದುಕೊಳ್ಳಿ. (6-24×50 ಎಂದರೆ 6ರಿಂದ 24 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಇರುವ ಸ್ಕೋಪ್; 2-7×32 ಕೂಡ ಹಾಗೆಯೇ.) ಅದರಲ್ಲೂ ಡಬ್ಬಿಯ ಮೇಲೆ ‘ರಿಮ್‌ಫೈರ್’ ಎಂದು ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ. ಬುಡದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ, ಪಾಯಿಂಟ್ ಟೂ ಟೂನಂಥ ಸಣ್ಣ ತೋಟಾಗಳನ್ನು ಹಾಗೆ ಕರೆಯುತ್ತಾರೆ. ಅಂಗಡಿಯವರು ಸುಮ್ಮನೆ ಅಂಟಿಸಿದ ಹೆಸರಲ್ಲ ಅದು. ನಿಮ್ಮ ಮಟ್ಟಿಗೆ ಇಡೀ ಆಯ್ಕೆ ನಿಂತಿರುವುದೇ ಆ ಮಾತಿನ ಮೇಲೆ.

ಸ್ಕೋಪಿನೊಳಗೆ ಎರಡು ವಸ್ತು ಒಂದೇ ಸಮತಲದಲ್ಲಿ ಕೂಡಬೇಕು: ಗುರಿಯ ಬಿಂಬ ಮತ್ತು ಗುರಿ ಹಿಡಿಯುವ ಅಡ್ಡಗೆರೆ. ಇವೆರಡೂ ಸರಿಯಾಗಿ ಕೂಡುವುದು ಯಾವುದೋ ಒಂದು ದೂರಕ್ಕೆ ಮಾತ್ರ. ಆ ದೂರವನ್ನು ಕಾರ್ಖಾನೆಯಲ್ಲೇ ಗೊತ್ತು ಮಾಡಿರುತ್ತಾರೆ. ದೊಡ್ಡ ತೋಟಾದ ಬೇಟೆ ರೈಫಲಿಗೆಂದು ಮಾಡಿದ ಸ್ಕೋಪುಗಳಲ್ಲಿ ಅದು ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕಿಂತ ಹೆಚ್ಚು. ರಿಮ್‌ಫೈರ್ ಸ್ಕೋಪುಗಳಲ್ಲಿ 50 ಗಜ, ಲ್ಯೂಪೋಲ್ಡ್‌ನವರದ್ದಾದರೆ 60. ಗುರಿ ಆ ದೂರದಲ್ಲಿ ಇಲ್ಲದಿದ್ದರೆ, ಕಣ್ಣು ಕೊಂಚ ಅತ್ತಿತ್ತ ಸರಿದಾಗ ಅಡ್ಡಗೆರೆಯೂ ಗುರಿಯ ಮೇಲೆ ಜಾರುತ್ತದೆ. ರೈಫಲ್ ಅಲುಗಿಲ್ಲ, ನಿಮ್ಮ ಕೈ ನಡುಗಿಲ್ಲ, ಆದರೂ ಗುಂಡು ಬೇರೆ ಕಡೆ ಬೀಳುತ್ತದೆ. ಇದನ್ನೇ ಪ್ಯಾರಲಾಕ್ಸ್ ಎನ್ನುತ್ತಾರೆ.

ಎಷ್ಟು ಬೇರೆ ಕಡೆ? ಲೆಕ್ಕ ಸುಲಭ. ಮುಂದಿನ ಗಾಜಿನ ವ್ಯಾಸದ ಅರ್ಧವನ್ನು ತೆಗೆದುಕೊಳ್ಳಿ. ಗುರಿಯ ದೂರಕ್ಕೂ ಸ್ಕೋಪ್ ಹೊಂದಿಸಿದ ದೂರಕ್ಕೂ ಇರುವ ವ್ಯತ್ಯಾಸದಿಂದ ಅದನ್ನು ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿ. 100 ಗಜಕ್ಕೆ ಹೊಂದಿಸಿದ 40 ಮಿ.ಮೀ. ಗಾಜಿನ ಸ್ಕೋಪಿನಲ್ಲಿ 50 ಗಜದ ಗುರಿ ನೋಡಿದರೆ ತಪ್ಪು 10 ಮಿ.ಮೀ.ವರೆಗೆ ಹೋಗಬಹುದು. 25 ಗಜಕ್ಕೆ ಬಂದರೆ 15 ಮಿ.ಮೀ. ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಆಗುವ ಗರಿಷ್ಠ ತಪ್ಪು ಇದು, ಪ್ರತಿ ಸಲವೂ ಇಷ್ಟಾಗುವುದಿಲ್ಲ, ನಿಜ. ಆದರೆ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸವೇ 10.4 ಮಿ.ಮೀ. ಎಂಬುದನ್ನು ನೆನಪಿಟ್ಟರೆ ಈ ತಪ್ಪು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಅದೇ 50 ಗಜಕ್ಕೆ ಹೊಂದಿಸಿದ 32 ಮಿ.ಮೀ. ಸ್ಕೋಪಿನಲ್ಲಿ 50 ಗಜಕ್ಕೆ ತಪ್ಪೇ ಇಲ್ಲ, 25ಕ್ಕೆ ಹೆಚ್ಚೆಂದರೆ 8 ಮಿ.ಮೀ. 100 ಗಜಕ್ಕೆ 16 ಮಿ.ಮೀ. ಆಗುತ್ತದೆ, ಆದರೆ ಅಷ್ಟು ದೂರದಲ್ಲಿ ಸಾಧಾರಣ ತೋಟಾಗಳು ಚದುರುವುದೇ ಅದಕ್ಕಿಂತ ಹೆಚ್ಚು.

ನೀವು ಹೇಳಿದ 6-24×50ರಲ್ಲಿ ಮುಂದಿನ ಗಾಜಿನ ಸುತ್ತ ದೂರ ಹೊಂದಿಸುವ ಬಳೆ ಇದ್ದೀತು. ಹಾಗಿದ್ದರೆ ಪ್ಯಾರಲಾಕ್ಸ್ ಸಮಸ್ಯೆ ತೀರಿತು ಎಂದು ಮಾರುವವರು ಹೇಳುತ್ತಾರೆ. ತೀರುವುದಿಲ್ಲ, ಬೇರೆ ದಾರಿಯಲ್ಲಿ ವಾಪಸು ಬರುತ್ತದೆ. 50 ಮಿ.ಮೀ. ಗಾಜು ನಳಿಗೆಗೆ ತಾಗದಂತೆ ಕೂರಿಸಲು ಸ್ಕೋಪನ್ನು ರೈಫಲಿಗೆ ಹಿಡಿದಿಡುವ ರಿಂಗ್ ಎತ್ತರದ್ದು ಬೇಕು. 10/22ರಲ್ಲಿ ಕೆನ್ನೆ ಒತ್ತುವ ಮರದ ಹಿಡಿಯಾದರೋ ತೆರೆದ ಸೈಟಿಗೆ ತಕ್ಕಂತೆ ತಗ್ಗಾಗಿದೆ. ಸ್ಕೋಪ್ ಎತ್ತರವಾದಷ್ಟೂ ಕೆನ್ನೆ ಮರದಿಂದ ಮೇಲೇಳುತ್ತದೆ, ಪ್ರತಿ ಈಡಿಗೂ ಕಣ್ಣು ಹೊಸ ಜಾಗದಲ್ಲಿ ನಿಲ್ಲುತ್ತದೆ. ಬಳೆಯ ಮೇಲೆ ಬರೆದ ದೂರವೂ ಅಗ್ಗದ ಸ್ಕೋಪುಗಳಲ್ಲಿ ಅಷ್ಟು ನಂಬಿಕೆಗೆ ಯೋಗ್ಯವಲ್ಲ. ಇನ್ನು 24 ಪಟ್ಟಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ 50 ಭಾಗಿಸು 24, ಅಂದರೆ ಸುಮಾರು 2 ಮಿ.ಮೀ. ತಲೆ ಕೂದಲೆಳೆಯಷ್ಟು ಸರಿದರೂ ಎದುರಿಗೆ ಕಪ್ಪು. 32 ಮಿ.ಮೀ. ಸ್ಕೋಪನ್ನು 4 ಪಟ್ಟಿಗಿಟ್ಟರೆ ಅದೇ ಕಂಬ 8 ಮಿ.ಮೀ. ದಪ್ಪ, ಕಣ್ಣಿಟ್ಟ ತಕ್ಷಣ ಗುರಿ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು: 150 ಡಾಲರಿನಲ್ಲಿ ತಯಾರಕರು ದೀಪ, ಬಳೆ, ನಾಲ್ಕು ಪಟ್ಟು ಜೂಮ್, ದೊಡ್ಡ ಗಾಜು ಎಲ್ಲವನ್ನೂ ಕೊಡಲು ಹೊರಟರೆ ಗಾಜಿನ ಗುಣಕ್ಕೂ ಒಳಗಿನ ಸ್ಪ್ರಿಂಗಿಗೂ ಉಳಿಯುವುದು ಚಿಲ್ಲರೆ ಕಾಸು. ಅಷ್ಟೇ ದುಡ್ಡಿನ ಸರಳ ಸ್ಕೋಪಿನಲ್ಲಿ ದುಡ್ಡು ಗಾಜಿಗೇ ಹೋಗಿರುತ್ತದೆ.

ಹೆಸರು ಹೇಳಿ ಎನ್ನುತ್ತೀರಿ. ವೋರ್ಟೆಕ್ಸ್ ಕ್ರಾಸ್‌ಫೈರ್ 2 ಸರಣಿಯ 2-7×32 ರಿಮ್‌ಫೈರ್ ನಿಮಗೆ ಹೇಳಿ ಮಾಡಿಸಿದಂತಿದೆ, ನಿಮ್ಮ ಮಿತಿಯ ಆಸುಪಾಸಿನಲ್ಲೇ ಸಿಗುತ್ತದೆ. ಅದಕ್ಕೂ ಕಡಿಮೆಯಲ್ಲಿ ಮುಗಿಸಬೇಕೆಂದರೆ ಬುಶ್‌ನೆಲ್ ಮತ್ತು ಸಿಮನ್ಸ್‌ನ ರಿಮ್‌ಫೈರ್ ಸ್ಕೋಪುಗಳಿವೆ. ಸಿಮನ್ಸ್‌ನ ಗಾಜು ಅಂಚಿನಲ್ಲಿ ಮಬ್ಬು, ಆದರೂ ಹಗಲು ಹೊತ್ತಿನ ಕಾಗದದ ಗುರಿಗೆ ಮೋಸವಿಲ್ಲ. ನಿಕಾನ್ 2019ರ ಕೊನೆಯ ಹೊತ್ತಿಗೆ ರೈಫಲ್ ಸ್ಕೋಪಿನ ವ್ಯಾಪಾರದಿಂದಲೇ ಹಿಂದೆ ಸರಿಯಿತು. ಅವರ ಪ್ರೊಸ್ಟಾಫ್ ರಿಮ್‌ಫೈರ್ ಯಾರ ಬಳಿಯಾದರೂ ಸೆಕೆಂಡ್ ಹ್ಯಾಂಡಿನಲ್ಲಿ ಸುಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ. ದೊಡ್ಡ ಕಂಪನಿಯ ಸ್ಕೋಪ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ಕಂಡರೆ ಮಾತ್ರ ನಕಲಿ ಎಂದುಕೊಂಡು ಅದನ್ನು ಬಿಟ್ಟು ಮುಂದೆ ಹೋಗಿ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ ಎರಡು ಕೆಲಸ ಮಾಡಿ. ಮೇಲಿನ ಗುಂಡಿ ತಿರುಗಿಸಿ ನೋಡಿ: ಪ್ರತಿ ಕ್ಲಿಕ್ಕೂ ಬೆರಳಿಗೆ ಬೇರೆ ಬೇರೆಯಾಗಿ ತಾಗಬೇಕು, ಹಿಟ್ಟಿನಲ್ಲಿ ಚಮಚ ತಿರುವಿದಂತೆ ಮೆತ್ತಗೆ ಸಾಗಬಾರದು. ಆಮೇಲೆ ಸ್ಕೋಪನ್ನು ಮರಳಿನ ಚೀಲದ ಮೇಲೆ ಅಲ್ಲಾಡದಂತೆ ಇಟ್ಟು, ಸುಮಾರು 50 ಗಜದಾಚೆಯ ಒಂದು ಗುರುತು ನೋಡುತ್ತ ತಲೆಯನ್ನು ಮಾತ್ರ ಮೇಲೆ ಕೆಳಗೆ, ಅತ್ತ ಇತ್ತ ಆಡಿಸಿ. ಅಡ್ಡಗೆರೆ ಆ ಗುರುತಿಗೇ ಅಂಟಿಕೊಂಡಿದ್ದರೆ ಧೈರ್ಯವಾಗಿ ಕೊಳ್ಳಿ.

ಕೊಂಡ ಮೇಲೆ ರಿಂಗಿಗೆ ಜಿಪುಣತನ ಬೇಡ. 10/22ರ ಜೊತೆಗೆ ಸ್ಕೋಪ್ ಕೂರಿಸುವ ಬೇಸ್ ಬಂದಿರುತ್ತದೆ, ಅದರ ತಿರುಪುಗಳು ಸಡಿಲವಾಗುವ ಸ್ವಭಾವದವು, ಮೊದಲು ಅವನ್ನು ಬಿಗಿ ಮಾಡಿ. ನಿಮ್ಮ ಸ್ಕೋಪಿನ ಕೊಳವೆ 1 ಇಂಚಿನದು, ಅದಕ್ಕೆ ಹೊಂದುವ, ಗಾಜು ನಳಿಗೆಗೆ ತಾಗದಷ್ಟೇ ತಗ್ಗಿನ ರಿಂಗ್ ಸಾಕು. ತಿರುಪುಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಪಾಯಿಂಟ್ ಟೂ ಟೂಗೆ ಒದೆತವೇ ಇಲ್ಲದಷ್ಟು ಕಡಿಮೆ, ಶಕ್ತಿ ಹಾಕಿ ಬಿಗಿದರೆ ಕೊಳವೆ ಅಮುಕಿ ಹಾಳಾಗುತ್ತದೆ ಅಷ್ಟೇ. ಆಮೇಲೆ ರೈಫಲ್ ಖಾಲಿ ಇರುವುದನ್ನು ಖಚಿತ ಮಾಡಿಕೊಂಡು, ಬಿಳಿ ಗೋಡೆಯ ಕಡೆ ನೋಡುತ್ತ ಕಣ್ಣಿನ ಬದಿಯ ಬಳೆ ತಿರುಗಿಸಿ ಅಡ್ಡಗೆರೆಯನ್ನು ಚೂಪು ಮಾಡಿಕೊಳ್ಳಿ. ಒಂದೇ ಸಮನೆ ದಿಟ್ಟಿಸಬೇಡಿ, ಕಣ್ಣು ತಾನೇ ಹೊಂದಿಕೊಂಡು ನಿಮ್ಮನ್ನು ಮೋಸ ಮಾಡುತ್ತದೆ. ನೋಡಿ, ಕಣ್ಣು ತೆಗೆದು, ಮತ್ತೆ ನೋಡಿ. ನಲವತ್ತು ದಾಟಿದವರಿಗೆ ಈ ಹೊಂದಾಣಿಕೆ ಬಹಳ ಮುಖ್ಯ. ಸ್ಕೋಪೇ ಮಂಜು ಎಂದು ದೂರುವ ಎಷ್ಟೋ ಮಂದಿ ಈ ಬಳೆಯನ್ನು ಮುಟ್ಟಿಯೇ ಇರುವುದಿಲ್ಲ.

ಬೋಲ್ಟ್ ರೈಫಲಿನಲ್ಲಿ (ಪ್ರತಿ ಈಡಿಗೂ ಹಿಡಿಕೆಯನ್ನು ಕೈಯಿಂದ ಎಳೆಯುವಂಥದ್ದು) ಬೋಲ್ಟ್ ತೆಗೆದು ನಳಿಗೆಯೊಳಗಿಂದಲೇ ಗುರಿ ನೋಡಿ ಅಂದಾಜು ಹೊಂದಿಸಬಹುದು. 10/22ರ ಹಿಂಭಾಗ ಮುಚ್ಚಿರುವುದರಿಂದ ಆ ಅನುಕೂಲ ನಿಮಗಿಲ್ಲ. ಹಾಗಾಗಿ 25 ಗಜದಲ್ಲಿ ದೊಡ್ಡ ಕಾಗದ ಇಟ್ಟು ಶುರು ಮಾಡಿ. ಗುಂಡಿಯ ಮೇಲೆ ಕಾಲು ಎಂಒಎ (ಕೋನದ ಅಳತೆ) ಎಂದಿದ್ದರೆ ಒಂದು ಕ್ಲಿಕ್ 100 ಗಜಕ್ಕೆ ಕಾಲು ಇಂಚು, 50ಕ್ಕೆ ಅದರ ಅರ್ಧ, 25ಕ್ಕೆ ಇಂಚಿನ ಹದಿನಾರನೇ ಒಂದು ಭಾಗ. 25 ಗಜದಲ್ಲಿ ಗುಂಡುಗಳು 2 ಇಂಚು ಕೆಳಗೆ ಬಿದ್ದಿದ್ದರೆ 32 ಕ್ಲಿಕ್ ಮೇಲೆ. ಒಂದೇ ಗುಂಡು ನೋಡಿ ತಿರುಗಿಸಬೇಡಿ, ಐದು ಹೊಡೆದು ಅವುಗಳ ನಡುವನ್ನು ನೋಡಿ. ಕೊನೆಗೆ 50 ಗಜಕ್ಕೆ ಪಕ್ಕಾ ಮಾಡಿ. ಹಾಗೆ ಹೊಂದಿಸಿದ ರೈಫಲ್ 100 ಗಜಕ್ಕೆ 6-7 ಇಂಚು ಕೆಳಗೆ ಹೊಡೆಯುತ್ತದೆ, ಗಾಬರಿಯಾಗಬೇಡಿ, 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಆ ಪುಟ್ಟ ಗುಂಡಿನ ನಡೆಯೇ ಹಾಗೆ.

ಉಳಿದ ದುಡ್ಡಿಗೆ ಮೂರು ನಾಲ್ಕು ಕಂಪನಿಯ ತೋಟಾಗಳನ್ನು ಒಂದೊಂದು ಡಬ್ಬಿ ತನ್ನಿ. ಒಂದೇ ಮಾದರಿಯ ಎರಡು ರೈಫಲ್‌ಗಳೂ ಬೇರೆ ಬೇರೆ ತೋಟಾ ಇಷ್ಟಪಡುತ್ತವೆ. ನಿಮ್ಮದಕ್ಕೆ ಯಾವುದು ಹಿಡಿಸುತ್ತದೆ ಎಂದು ಪತ್ತೆ ಮಾಡಿದರೆ ಗುಂಡುಗಳ ಗುಂಪು ಎಷ್ಟು ಚಿಕ್ಕದಾಗುತ್ತದೆಂದರೆ, ದುಬಾರಿ ಸ್ಕೋಪ್ ಹಾಕಿದರೂ ಅಷ್ಟು ವ್ಯತ್ಯಾಸ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬ್ರನೋ ಕಂಪನಿಯ ಪಾಯಿಂಟ್ ಟೂ ಟೂ ರೈಫಲ್ ಇದೆ, ದಾಖಲೆ ಎಲ್ಲ ಸರಿ ಇದೆ. ಕೈಲ್‌ಪೊಳ್ದಿನ (ಕೊಡಗಿನ ಆಯುಧಪೂಜೆಯ ಹಬ್ಬ) ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಸ್ಕೋಪ್ ಹಾಕಿಸಿದರೆ ಹೇಗೆ? ತೋಟಕ್ಕೆ ನುಗ್ಗುವ ಕಾಡುಹಂದಿಗೂ ಉಪಯೋಗವಾದೀತೇ?
— ಓದುಗರು, ವಿರಾಜಪೇಟೆ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ: ಬೇಡವೇ ಬೇಡ. ಕೋವಿ ಇಟ್ಟುಕೊಳ್ಳಲು ಕೊಡಗಿನಲ್ಲಿ ಇರುವ ವಿನಾಯಿತಿ ಬೇಟೆಗೆ ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ. ಬೆಳೆ ಹಾಳಾಗುತ್ತಿದ್ದರೆ ಅರಣ್ಯ ಇಲಾಖೆಗೆ ದೂರು ಕೊಡಿ. ಕಾನೂನಿನ ಮಾತು ಹಾಗಿರಲಿ, ಈ ಗುಂಡಿಗೆ ಹಂದಿಯನ್ನು ತಕ್ಷಣ ಕೊಲ್ಲುವ ಶಕ್ತಿಯೂ ಇಲ್ಲ. ಗಾಯಗೊಂಡ ಪ್ರಾಣಿ ಕಾಫಿ ಗಿಡಗಳ ನಡುವೆ ನರಳಿ ಸಾಯುತ್ತದೆ, ಇಲ್ಲವೇ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದವರ ಮೇಲೆ ಬೀಳುತ್ತದೆ.

ಸ್ಪರ್ಧೆಯ ವಿಷಯ. ಸ್ಕೋಪಿಗೆ ಅವಕಾಶ ಇದೆಯೇ ಎಂದು ಸಂಘಟಕರನ್ನು ಕೇಳಿ ಆಮೇಲೆ ದುಡ್ಡು ಬಿಚ್ಚಿ. ಒಲಿಂಪಿಕ್ಸ್ ಮಾದರಿಯ 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಂತೂ ದೂರದರ್ಶಕ ಸೈಟಿಗೆ ಅವಕಾಶವಿಲ್ಲ, ಅಲ್ಲಿ ಸಣ್ಣ ರಂಧ್ರದ ಸೈಟೇ. ಮನೆಯ ಮಕ್ಕಳು ಮುಂದೆ ಆ ದಾರಿ ಹಿಡಿಯುವ ಆಸೆ ಇದ್ದರೆ ತೆರೆದ ಸೈಟಿನಲ್ಲೇ ಕಲಿಸಿ.

ಅವಕಾಶ ಇದೆ ಎಂದಾದರೆ ರಿಸೀವರಿನ (ನಳಿಗೆಯ ಹಿಂದೆ ಬೋಲ್ಟ್ ಕೂರುವ ಭಾಗ) ಮೇಲ್ಭಾಗ ನೋಡಿ. ಎರಡು ಬದಿಯಲ್ಲೂ ಉದ್ದಕ್ಕೆ ಕೊರೆದ ತೋಡು ಇದ್ದರೆ ಅದರ ಅಗಲ ಅಳೆಸಿ, ಅದಕ್ಕೆ ಕೂರುವ ರಿಂಗನ್ನೇ ತರಿಸಿ. ಬ್ರನೋ ವಂಶದ್ದೇ ಆದ ಈಗಿನ ಸಿಝಡ್ 457ರಲ್ಲಿ ಅದು 11 ಮಿ.ಮೀ. ತೋಡು ಇಲ್ಲದಿದ್ದರೆ ತೂತು ಕೊರೆಸಬೇಡಿ. ಅಜ್ಜನ ರೈಫಲಿಗೆ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ. ಹಳೆಯ ಬೋಲ್ಟ್ ರೈಫಲ್‌ಗಳಲ್ಲಿ ಹಿಡಿಕೆ ತುಂಬ ಮೇಲಕ್ಕೆ ಏಳುತ್ತದೆ, ಸ್ಕೋಪಿನ ಹಿಂದಿನ ದಪ್ಪ ಭಾಗಕ್ಕೆ ಬಡಿಯುತ್ತದೆ. ಆದ್ದರಿಂದ ಹಿಂಭಾಗ ತೆಳ್ಳಗಿರುವ, 4×32ರಂಥ ಒಂದೇ ಪಟ್ಟಿನ ಸ್ಕೋಪ್ ನಿಮಗೆ ಸರಿ. ತೀರಾ ಅಗ್ಗದ, ಬೆರಳು ದಪ್ಪದ 4×15 ಮಾತ್ರ ಬೇಡ, ಅದರಲ್ಲಿ ಬೆಳಗಿನ ಮಂಜಿಗೆ ತೆಂಗಿನಕಾಯಿಯೂ ಎಲೆಯೂ ಒಂದೇ ಬಣ್ಣ. ಕೊಳ್ಳುವುದನ್ನೂ ಕೂರಿಸುವುದನ್ನೂ ಪರವಾನಗಿ ಇರುವ ಕೋವಿ ಅಂಗಡಿಯವರ ಮೂಲಕವೇ ಮಾಡಿ.

ನಿಮ್ಮ ಊರಿನ ಮಳೆಗೆ ಇನ್ನೊಂದು ಮಾತು. ನೈಟ್ರೋಜನ್ ತುಂಬಿ ಮುಚ್ಚಿದ ಸ್ಕೋಪನ್ನೇ ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಜುಲೈ ತಿಂಗಳಲ್ಲಿ ಒಳಗಿನ ಗಾಜಿಗೇ ಹಬೆ ಕಟ್ಟುತ್ತದೆ. ಹೊರಗಿನ ಗಾಜಿಗೆ ಬೂಷ್ಟು ಹಿಡಿಯದಂತೆ ಚರ್ಮದ ಚೀಲದಿಂದ ಹೊರಗೆ ತೆಗೆದು, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಜೇಡರ ಬಲೆಯಂಥ ಎಳೆ ಗಾಜಿನ ಒಳಗೆ ಕಂಡಿತೆಂದರೆ ಬೂಷ್ಟು ಬೇರು ಬಿಟ್ಟಿದೆ, ಹೊರಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ.

ಪ್ರಶ್ನೆ: ನನ್ನದು ಪರವಾನಗಿ ಬೇಡದ, ಮಡಚಿ ಸ್ಪ್ರಿಂಗ್ ಎಳೆಯುವ ಪಾಯಿಂಟ್ ಒನ್ ಸೆವೆನ್ ಸೆವೆನ್ ಏರ್ ರೈಫಲ್. ರಿಮ್‌ಫೈರ್ ಸ್ಕೋಪನ್ನೇ ಇದಕ್ಕೂ ಹಾಕಬಹುದೇ?
— ಓದುಗರು, ಬೆಂಗಳೂರು

ಉತ್ತರ: ಹಾಕಬೇಡಿ. ಪಾಯಿಂಟ್ ಟೂ ಟೂ ಹಿಂದಕ್ಕೆ ಮಾತ್ರ ಮೆಲ್ಲಗೆ ಒದೆಯುತ್ತದೆ. ಸ್ಪ್ರಿಂಗಿನ ಏರ್ ರೈಫಲ್ ಮೊದಲು ಹಿಂದಕ್ಕೆ ಜಗ್ಗಿ, ಪಿಸ್ಟನ್ ಮುಂದೆ ಹೋಗಿ ಬಡಿದ ಕ್ಷಣ ಮುಂದಕ್ಕೂ ಜಗ್ಗುತ್ತದೆ. ಬರೀ ಹಿಂದಿನ ಒದೆತಕ್ಕೆಂದು ಕಟ್ಟಿದ ಸ್ಕೋಪಿನ ಗಾಜು, ಅಡ್ಡಗೆರೆ ಈ ಎರಡು ಕಡೆಯ ಏಟಿಗೆ ಸಡಿಲವಾಗುತ್ತವೆ. ಡಬ್ಬಿಯ ಮೇಲೆ ಸ್ಪ್ರಿಂಗ್ ಏರ್ ರೈಫಲಿಗೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು, ಮುಂದಿನ ಬಳೆ 10 ಮೀಟರಿನವರೆಗೆ ಇಳಿಯಬೇಕು. ರಿಂಗ್ ಬದಲು ಒಂದೇ ತುಂಡಿನ ಮೌಂಟ್ ತೆಗೆದುಕೊಳ್ಳಿ, ಹಿಂದೆ ಸರಿಯದಂತೆ ತಡೆಯುವ ಪಿನ್ ಇರುವುದು. ರಿಸೀವರಿನ ಮೇಲೆ ಆ ಪಿನ್ ಕೂರಲು ತೂತು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.